ಒಂದೇ ಕಣ್ಣು, ಮಿಸ್

"ಮಿಸ್, ನೀವು ಸೈನ್ ಔಟ್ ಮಾಡೋದು ಮರ್ತಿದ್ರಿ. ನಾನೇ ಮಾಡ್ದೆ," ಎಂದಳು ಏಳನೇ ತರಗತಿಯ ಹುಡುಗಿ.

ನಾಲ್ಕು ಮಕ್ಕಳಿಗೊಂದು ಕಂಪ್ಯೂಟರ್ ಇದ್ದ ವಿಜಯನಗರದ ಆ ಶಾಲೆಯಲ್ಲಿ, ಏಳುವ ಮೊದಲು ಸೈನ್ ಔಟ್ ಮಾಡಿ ಎಂದು ದಿನವೂ ಹೇಳುತ್ತಿದ್ದವಳೇ ನಾನು. ಲ್ಯಾಬಿನಲ್ಲಿ ತೆರೆದಿಟ್ಟು ಬಂದ ನನ್ನ ಇ-ಮೇಲ್‌ನಲ್ಲಿ ಅವರದೇ ತರಗತಿಯ ಮರುದಿನದ ಪ್ರಶ್ನೆಪತ್ರಿಕೆ ಇತ್ತು.

"ಓದಿದ್ಯೇನೇ?"

"ಇಲ್ಲ ಮಿಸ್, ಕಣ್ಣು ಮುಚ್ಕೊಂಡಿದ್ದೆ."

"ಕಣ್ಣು ಮುಚ್ಕೊಂಡು ಹೆಂಗೆ ಸೈನ್ ಔಟ್ ಮಾಡ್ದೆ?"

"ಒಂದೇ ಕಣ್ಣು, ಮಿಸ್."

ಪರೀಕ್ಷೆ ಮುಗಿದ ಮೇಲೆ ಅವಳ ಉತ್ತರಪತ್ರಿಕೆಯನ್ನೇ ಮೊದಲು ತಿದ್ದಿದೆ. ಮೊದಲ ಮೂರೂ ಉತ್ತರ ತಪ್ಪು. ಸೊನ್ನೆ ಹಾಕುವಾಗ ಅಷ್ಟು ನಿರಾಳವಾದದ್ದು ಅದೇ ಮೊದಲು.

ಅಂದು ಸೈನ್ ಔಟ್ ಒತ್ತಿದ ನೆನಪು ನನಗೆ ಇಂದಿಗೂ ಸ್ಪಷ್ಟವಾಗಿದೆ. ಅದಕ್ಕೇ ಈಗ ನೆನಪನ್ನು ನಂಬದೆ, ಬಾಗಿಲವರೆಗೆ ಹೋದವಳು ತಿರುಗಿ ಬಂದು ಪರದೆ ನೋಡುತ್ತೇನೆ.