ಎರಡು ಕಣ್ಣಿನ ಮೋರಿ

ಹಂಗಾಮಿ ಓವರ್‌ಸಿಯರ್ ಆಗಿದ್ದ ನಾನು ಕೆಲಸ ಖಾಯಂ ಆಗುತ್ತದೆಂದು ಮೂರು ವರ್ಷ ಕಾದಿದ್ದೆ. ಕಳಸದ ರಸ್ತೆಯ ಒಂದೊಂದು ಕಲ್ಲೂ ನನಗೆ ಗೊತ್ತು ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಆಗ ಚಿಕ್ಕಮಗಳೂರಿನ ಕಚೇರಿಯ ಗೋಡೆಗೆ ನೋಟೀಸು ಅಂಟಿಸಿದರು. ಖಾಯಂ ಹುದ್ದೆ ಒಂದಿದೆ, ಹೆಚ್ಚು ಓದಿದವರಿಗೆ ಮೊದಲ ಮನ್ನಣೆ. ನನ್ನ ಬಳಿ ಇದ್ದದ್ದು ಇಂಟರ್‌ಮೀಡಿಯೆಟ್ಟು, ಅದರ ಮೇಲೊಂದು ಓವರ್‌ಸಿಯರ್ ಪರೀಕ್ಷೆ, ಅಷ್ಟೇ. ಆ ಸಾಲು ಬರೆದವನ ಕೈ ಸೇದಿಹೋಗಲಿ ಎಂದು ಶಾಪ ಹಾಕಿದೆ.

ಅದೇ ತಿಂಗಳು ನನ್ನ ಜೊತೆಗೆ ಇನ್ನೊಬ್ಬ ಹಂಗಾಮಿ ಬಂದ. ಬಯಲುಸೀಮೆಯ ಹುಡುಗ, ಇಂಜಿನಿಯರಿಂಗ್ ಪದವೀಧರ, ಜಿಗಣೆ ಕಂಡರೆ ಹೌಹಾರುವವನು. ಅವನೂ ಅದೇ ಹುದ್ದೆಗೆ ಅರ್ಜಿ ಹಾಕಿದ್ದ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ಅವನಿಗೆ ಕೇಳಿಸುವಂತೆಯೇ ಆಳುಗಳ ಮುಂದೆ ಹೇಳುತ್ತಿದ್ದೆ. ಅವನು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಸೆಯ ಹತ್ತಿರ ಒಂದೇ ಗುಡ್ಡದಿಂದ ಇಳಿಯುವ ಎರಡು ಹಳ್ಳಗಳು ರಸ್ತೆಯನ್ನು ದಾಟುತ್ತವೆ. ಹೆಚ್ಚುಕಡಿಮೆ ಒಂದೇ ಅಳತೆಯವು. ಆ ಬೇಸಿಗೆ ಮೊದಲನೆಯದಕ್ಕೆ ಮೋರಿ ಕಟ್ಟುವುದು ನನ್ನ ಪಾಲಿಗೆ ಬಂತು, ಎರಡನೆಯದು ಅವನ ಪಾಲಿಗೆ. ನನ್ನ ಹಳ್ಳದ ದಂಡೆಯ ಮರವೊಂದರ ಬುಡದಲ್ಲಿ ಹಳೆಯ ನೆರೆಯಿಂದ ತೊಗಟೆ ಸವೆದ ಗುರುತಿತ್ತು. ನೀರು ಅದಕ್ಕಿಂತ ಮೇಲೆ ಬಂದದ್ದನ್ನು ಊರಿನ ಮುದುಕರೂ ಕಂಡಿರಲಿಲ್ಲ. ಅದನ್ನೇ ನಂಬಿ ನೀರು ಹೋಗಲು ಒಂದೇ ಕಣ್ಣು ಬಿಟ್ಟು ಕಟ್ಟಿಸಿದೆ.

ಅವನು ಮರ ನೋಡಲಿಲ್ಲ. ನೇರವಾಗಿ ನನ್ನ ಮಾವನವರ ಹತ್ತಿರ ಹೋದ. ಮಾವನವರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರು ಅಳೆದು, ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುವುದೂ ಅವರ ಕೆಲಸ. ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ಹೆಂಡತಿ ಮಕ್ಕಳ ಯೋಗಕ್ಷೇಮಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟು?" ಎಂದೇ ಕೇಳುವುದು. ಹಾಗೆ ಬರೆದಿಟ್ಟ ಮಳೆಯಿಂದ ಮೋರಿಯ ಅಳತೆ ಕಂಡುಕೊಳ್ಳಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅವನು ಎರಡು ದಿನ ಕೂತು ಪುಸ್ತಕ ನಕಲು ಮಾಡಿದ. ಮೂರನೆಯ ದಿನ ಗುಡ್ಡ ಹತ್ತಿ ಇಳಿದು ಬಂದ.

"ಮೇಲೆ ಕಾಡು ಬೋಳಿಸಿ ಕಾಫಿ ಸಸಿ ಇಟ್ಟಿದ್ದಾರೆ. ನಿಮ್ಮ ಮರ ಹೇಳೋದು ಹಳೇ ಕಾಡಿದ್ದಾಗಿನ ಲೆಕ್ಕ. ಇನ್ಮೇಲೆ ನೀರು ಒಂದೇ ಸಲ ಬರುತ್ತೆ. ನಾನು ಎರಡು ಕಣ್ಣು ಇಡ್ತೀನಿ, ನೀವೂ ಇನ್ನೊಂದು ಇಡಿ" ಎಂದ.

ಆ ಕಾಡಿನ ದಿಮ್ಮಿಗಳು ಹೋದದ್ದು ನನ್ನ ರಸ್ತೆಯ ಮೇಲೇ. ರಸ್ತೆ ಹಾಳಾಯಿತೆಂದು ಗಾಡಿಯವರನ್ನು ಬೈದವನೂ ನಾನೇ. ಆದರೂ "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಎಂದುಬಿಟ್ಟೆ.

ಆರಿದ್ರಾ ಮಳೆ ಹಿಡಿದ ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಮೋರಿ ಇರಲಿಲ್ಲ. ಅವನದು ಎರಡೂ ಕಣ್ಣಿನ ತುಂಬ ನೀರು ಬಿಡುತ್ತ ನಿಂತಿತ್ತು. ನಾಚಿಕೆಯಿಂದ ಅತ್ತೆ. ಮಳೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವನು ವರದಿಯಲ್ಲಿ ನನ್ನ ಮೇಲೆ ತಪ್ಪು ಹೊರಿಸದೆ, ಕಾಡು ಹೋದದ್ದರಿಂದ ನೀರು ಹೆಚ್ಚಿತು ಎಂದಷ್ಟೇ ಬರೆದ.

ಮಳೆಗಾಲ ಮುಗಿದ ಮೇಲೆ ಹುದ್ದೆ ಅವನಿಗೇ ಆಯಿತು. ಪದವಿಯ ಬಲದಿಂದಲೇ ಆಯಿತು, ಮೋರಿಯ ಮಾತನ್ನು ಯಾರೂ ಎತ್ತಲಿಲ್ಲ. ನೋಟೀಸನ್ನು ಬೈಯೋಣವೆಂದರೆ ಈಗ ನನಗೇ ಬಾಯಿ ಬರಲಿಲ್ಲ. ಸಿಟ್ಟನ್ನೆಲ್ಲ ಮಾವನವರ ಮೇಲೆ ತೀರಿಸಿಕೊಂಡೆ. ಅಳಿಯನ ಎದುರಾಳಿಗೆ ಪುಸ್ತಕ ಕೊಡುವುದೇ ಎಂದು ಕೂಗಾಡಿದೆ.

ಅವರು ತಣ್ಣಗೆ ಎಲೆಗೆ ಸುಣ್ಣ ಹಚ್ಚುತ್ತ, "ನೀವು ಕೇಳಿದ್ರೆ ನಿಮಗೂ ಕೊಡ್ತಿದ್ದೆ. ಇಷ್ಟು ವರ್ಷ ಬರ್ದಿದೀನಿ, ಎಸ್ಟೇಟಿನ ದೊರೆ ಸಹಿ ಹಾಕ್ತಾರೆ ಅಷ್ಟೇ. ಕೂತು ಓದಿದವ್ನು ಆ ಹುಡುಗ ಒಬ್ನೇ" ಎಂದರು. ಎಲೆ ಮಡಿಚುತ್ತ, "ಬುದ್ಧಿ ಮುಕ್ಕಾಲು ಅಂತೀರಿ, ಸರಿ. ಆ ಒಕ್ಕಾಲು ಸೇರ್ದೆ ಅದು ಒಂದು ಹೆಂಗಾಗುತ್ತೆ ಅಳಿಯಂದ್ರೇ? ಮಗಳೂ ಮಗೂ ನಮ್ಮನೇಲಿರ್ಲಿ. ನೀವು ಹೋಗಿ ಓದಿ ಬನ್ನಿ" ಎಂದರು.

ಹೋದೆ. ಇಂಜಿನಿಯರಿಂಗ್ ಕ್ಲಾಸಿನಲ್ಲಿ ನಾನೇ ಹಿರಿಯ. ಹುಡುಗರು ನನ್ನನ್ನು ಮೇಷ್ಟ್ರೇ ಎಂದು ಛೇಡಿಸುತ್ತಿದ್ದರು. ಒಂದು ವಿಷಯದಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಅಂತೂ ಪಾಸಾದೆ.

ಮತ್ತೊಮ್ಮೆ ನೋಟೀಸು ಬಂದಾಗ ಅದೇ ಸಾಲು ನನ್ನ ಕಡೆಗಿತ್ತು. ಕಳಸದ ರಸ್ತೆಗೇ ಖಾಯಂ ಆಗಿ ಬಂದೆ. ಅಲ್ಲೊಬ್ಬ ಹಂಗಾಮಿ ಓವರ್‌ಸಿಯರ್ ಇದ್ದ. ಆ ಹುದ್ದೆಗೆ ಕಾದು, ನನ್ನಿಂದಾಗಿ ಕಳೆದುಕೊಂಡವನು. ಮೊದಲ ದಿನವೇ ನನ್ನನ್ನು ಮೋರಿ ಕಟ್ಟಬೇಕಿದ್ದ ಒಂದು ಹಳ್ಳಕ್ಕೆ ಕರೆದೊಯ್ದು, ಮರದ ಬುಡಕ್ಕೆ ಕೋಲು ಕುಟ್ಟಿ, "ನೀರು ಇದಕ್ಕಿಂತ ಮೇಲೆ ಬಂದಿಲ್ಲ ಸಾರ್" ಎಂದ. ಆ ಗಡಸು ದನಿ ನನ್ನದೇ. ಪಾಪ ಎನ್ನಿಸಿತು, ನಗುವೂ ಬಂತು.

ವಾದ ಮಾಡದೆ ಮಾವನವರ ಮನೆಗೆ ಕರೆದುಕೊಂಡು ಹೋಗಿ ಮಳೆ ಪುಸ್ತಕವನ್ನು ಅವನ ಮುಂದಿಟ್ಟೆ. ಲೆಕ್ಕ ಹೇಗೆಂದು ತೋರಿಸಿದೆ. ಕಾಫಿ ಆರಿಹೋಗುವ ತನಕ ಅವನು ಹಾಳೆ ತಿರುವುತ್ತಲೇ ಇದ್ದ. ಕೊನೆಗೆ ತಲೆಯೆತ್ತದೆ ಕೇಳಿದ:

"ನಮ್ಮಂಥವ್ರಿಗೂ ಇದು ಬರುತ್ತಾ ಸಾರ್?"

ನಾನು ಬಾಯಿ ತೆರೆಯುವ ಮೊದಲೇ ಮಾವನವರು ಒಳಗಿನಿಂದ ಹೇಳಿದರು: "ಬರದೆ ಏನು ಮಾರಾಯ? ನಮ್ಮ ಅಳಿಯಂದ್ರಿಗೇ ಬಂತಲ್ಲ!"