ಸೋಸಿದ ನೀರಿನ ಜೀಪು

ಎಂಜಿನ್ನಿನ ನೀರಿಗೆ ಬೆರೆಸುವ ಕೂಲಂಟು ಕಾದರೆ ಬೆಲ್ಲದ ಪಾಕದಂಥ ವಾಸನೆ ಬರುತ್ತದೆ. ಅಡುಗೆಮನೆಯಿಂದ ಬಂದರೆ ಹಬ್ಬ, ಬಾನೆಟ್ಟಿನಿಂದ ಬಂದರೆ ಗ್ಯಾರೇಜು. ಮೊನ್ನೆ ಕೊಗನೊಳ್ಳಿ ದಾಟಿ ನಿಪ್ಪಾಣಿಯ ಕಡೆ ಬರುವಾಗ ನನ್ನ ಮುದಿ ಕಾರು ಹಾಗೆ ಘಮಘಮಿಸಿತು. ಗ್ಯಾರೇಜಿನ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ ತೀರ್ಪು ಕೊಟ್ಟ.

"ಥರ್ಮೋಸ್ಟ್ಯಾಟ್ ಲೀಕ್ ಐತ್ರಿ ಸರ್. ತಗದ ಒಗದಬಿಡ್ತೀನಿ. ನಮ್ಮ ಬಿಸಿಲಿಗೆ ಅದರದೇನ್ರಿ ಕೆಲಸ?"

ಬಲ್ಲವರು ಸಹಿಸಿಕೊಳ್ಳಬೇಕು, ಅರಿಯದವರಿಗಾಗಿ ಹೇಳುತ್ತೇನೆ. ಎಂಜಿನ್ನಿನ ನೀರು ಸಾಕಷ್ಟು ಕಾಯುವ ತನಕ ಬಾಯಿ ಮುಚ್ಚಿಕೊಂಡಿದ್ದು, ಕಾದ ಮೇಲೆ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಿಲ್ಲೆಗೆ ಥರ್ಮೋಸ್ಟ್ಯಾಟ್ ಎಂದು ಹೆಸರು. ಅಥಣಿಯಿಂದ ನಿಪ್ಪಾಣಿಯ ತನಕದ ಮಿಸ್ತ್ರಿಗಳು ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದವರಲ್ಲ. ಇದನ್ನು ಕಿತ್ತೊಗೆಯಬೇಕೆಂಬುದರಲ್ಲಿ ಮಾತ್ರ ಅವರಲ್ಲಿ ಭೇದವಿಲ್ಲ. ಆ ಒಮ್ಮತಕ್ಕೆ ಎದುರು ನಿಂತು ಬಾಳಿದವರು ನಾನು ಕಂಡಂತೆ ಒಬ್ಬರೇ: ಶೇಡಬಾಳದಲ್ಲಿದ್ದ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ.

ಕಾಕಾ ಅವರಿಗೆ ಒಂದು ಜೀಪು ಮತ್ತು ಎರಡು ನೇಮಗಳಿದ್ದವು. ಮೊದಲನೆಯದು ನಮ್ಮ ಜೈನ ಮನೆಗಳಲ್ಲೆಲ್ಲ ಇದ್ದದ್ದೇ. ನೀರನ್ನು ಅರಿವೆಯಲ್ಲಿ ಸೋಸದೆ ಬಳಸಬಾರದು, ಅರಿವೆಗೆ ಅಂಟಿದ ಜೀವಗಳನ್ನು ಬಂದ ನೀರಿಗೇ ಮರಳಿಸಬೇಕು. ಎರಡನೆಯದು ಅವರ ಸ್ವಂತದ್ದು: ಕಂಪನಿಯವರು ಹಾಕಿದ್ದನ್ನು ಒಗೆಯಬಾರದು. ಮೊದಲ ನೇಮವನ್ನು ಅವರು ಜೀಪಿಗೂ ವಿಸ್ತರಿಸಿದ್ದರು, ಎರಡನೆಯದನ್ನು ಮನುಷ್ಯರಿಗೂ. ಅವರ ಹೆಂಡತಿ, ನಮ್ಮ ಕಾಕುವಿನ ಅಲುಗಾಡುವ ಹಲ್ಲೊಂದು ಬಹಳ ಕಾಲ ಬದುಕಿದ್ದು ಈ ನೇಮದ ಬಲದಿಂದಲೇ.

ಒಮ್ಮೆ ನಿಪ್ಪಾಣಿಗೆ, ಕಾಕುವಿನ ಅಕ್ಕನ ಮನೆಗೆ, ಹೊರಡುವುದಿತ್ತು. ಕಾಕುವಿನದು ಅಂದು ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ, ನೀರೂ ಆಗಲೇ. ಅಕ್ಕ ಹೂರಣದ ಹೋಳಿಗೆ ಮಾಡುತ್ತಾಳೆಂದು ಆಕೆ ಆ ಒಂದೂಟವನ್ನು ಅಲ್ಲಿಗೇ ಮೀಸಲಿಟ್ಟಿದ್ದಳು. ನಾನು ಆಗಷ್ಟೇ ಕಾಲೇಜು ಮುಗಿಸಿ ಯಾವ ಕೆಲಸಕ್ಕೂ ಬೇಡವಾದವನು. ಹಿಂದಿನ ಸೀಟಿನ ಸಲಹೆಗಾರನಾಗಿ ಹತ್ತಿಕೊಂಡೆ.

ಹೊರಡುವ ಮುನ್ನ ಕಾಕಾ ತಾವೇ ಕುಳಿತು, ಸೋರುತ್ತಿದ್ದ ಥರ್ಮೋಸ್ಟ್ಯಾಟನ್ನು ತೆಗೆದು ಮಿರಜಿನಿಂದ ತಂದ ಹೊಸದನ್ನು ಕೂರಿಸಿದರು. ನೀರು ಸೋರದಂತೆ ಮುಚ್ಚಳದ ಕೆಳಗೆ ಇಡುವ ಕಾಗದದ ಪ್ಯಾಕಿಂಗನ್ನು ಮಾತ್ರ ಒರೆಸಿ ಅದನ್ನೇ ಹಾಕಿದರು.

"ಅದನ್ನೂ ಹೊಸಾದು ಹಾಕಬಾರದೇನ್ರಿ?" ಎಂದಳು ಕಾಕು.

"ಕಂಪನೀದೈತಿ. ಇನ್ನೂ ಗಟ್ಟಿ ಐತಿ."

"ನಾನೂ ಗಟ್ಟಿ ಅದೀನಿ. ಆದ್ರ ಉಪಾಸ ಅದೀನಿ. ಅದೊಂದು ಧ್ಯಾನದಾಗಿರ್ಲಿ."

ಚಿಕ್ಕೋಡಿ ಇನ್ನೂ ದೂರವಿರುವಾಗಲೇ ಜೀಪು ಬುಸುಗುಟ್ಟಿತು. ಗಟ್ಟಿಯಾಗಿದ್ದ ಪ್ಯಾಕಿಂಗ್ ಹರಿದು ನೀರೆಲ್ಲ ಹೋಗಿತ್ತು. ಎಂಜಿನ್ನು ತಣಿಯುವ ತನಕ ಕಾಕಾ ರಸ್ತೆಯ ಬದಿಗೆ ಧ್ಯಾನಕ್ಕೆ ಕುಳಿತಂತೆ ಕುಳಿತರು. ಕಾಕು ಅಕ್ಕನಿಗೆಂದು ಒಯ್ಯುತ್ತಿದ್ದ ಸೀರೆಯ ರಟ್ಟಿನ ಡಬ್ಬಿಯ ಮುಚ್ಚಳವನ್ನು ಹರಿದು ಕೊಟ್ಟಳು. ಅದನ್ನು ಲೋಹದ ಅಂಚಿಗೆ ಇಟ್ಟು, ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆಕಾರ ಬಿಡಿಸಿ, ಕಾಕಾ ಹೊಸ ಪ್ಯಾಕಿಂಗ್ ಮಾಡಿ ಬಿಗಿದರು. ಇಷ್ಟಾದಾಗ ಬಿಸಿಲು ಇನ್ನೂ ಉಳಿದಿತ್ತು. ಹೋಳಿಗೆಯ ಆಸೆಯೂ ಉಳಿದಿತ್ತು.

ಇನ್ನು ನೀರು. ಪಕ್ಕದಲ್ಲೇ ಹಳ್ಳ. ನಾನು ಜೀಪಿನಲ್ಲಿದ್ದ ತಗಡಿನ ಡಬ್ಬಿ ತುಂಬಿ ತಂದು ಸುರಿಯಲು ಹೋದೆ. ಕಾಕಾ ಕೈ ಅಡ್ಡ ಹಿಡಿದರು. ರೇಡಿಯೇಟರಿನ ಬಾಯಿಗೆ ಅರಿವೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ಹನಿಹನಿಯಾಗಿ ಇಳಿಸಿದರು. ಡಬ್ಬಿ ಖಾಲಿಯಾದಾಗ ಅರಿವೆಯನ್ನು ಬಿಚ್ಚಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹಳ್ಳಕ್ಕೆ ಇಳಿದು, ನೀರಿನಲ್ಲಿ ಅಲುಗಿಸಿ ಬಂದರು. ಮತ್ತೊಂದು ಡಬ್ಬಿ, ಮತ್ತೆ ಹಳ್ಳ. ಸೂರ್ಯನೂ ಅವರ ಜೊತೆಗೇ ಇಳಿಯುತ್ತಿದ್ದ, ಆದರೆ ಅವನು ಮೇಲೆ ಬರುತ್ತಿರಲಿಲ್ಲ.

"ಕಾಕಾ, ಅದನ್ನ ಇಲ್ಲೇ ಹುಲ್ಲಿನ ಮ್ಯಾಲ ಝಾಡಿಸಿದ್ರ ಆಗೂದಿಲ್ಲೇನ್ರಿ?" ಎಂದೆ.

"ಅವುಗಳ ಊರು ಹಳ್ಳದಾಗೈತೋ ತಮ್ಮಾ. ಹುಲ್ಲಿನ ಮ್ಯಾಲ ಇಳಿಸಿ ಹೋದ್ರ ಮನಿ ಹೆಂಗ ಮುಟ್ಟಬೇಕು?"

"ನಾ ಹೆಂಗ ಮುಟ್ಟಬೇಕು ಅನ್ನೂದನ್ನೂ ಒಂದೀಟು ವಿಚಾರ ಮಾಡ್ರಿ," ಎಂದಳು ಕಾಕು, ಪಶ್ಚಿಮದ ಕಡೆ ನೋಡುತ್ತ.

"ಹಂಗಾರ ಸೋಸಲಾರದ ಹಾಕಲೇನು? ಒಳಗ ನೀರು ಕುದೀತೈತಿ, ಜೀವಗಳೂ ಕುದೀತಾವ," ಎಂದರು ಕಾಕಾ.

ಕಾಕು ಪಶ್ಚಿಮದಿಂದ ಮುಖ ತಿರುಗಿಸಿ ಹತ್ತಿರ ಬಂದಳು. ಆಮೇಲೆ, "ಸೋಸಬ್ಯಾಡ್ರಿ ಅಂತ ಯಾರಂದ್ರು? ಲಗೂನ ಸೋಸ್ರಿ," ಎಂದು ಅರಿವೆಯ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡಳು.

ನಾವು ನಿಪ್ಪಾಣಿ ಮುಟ್ಟಿದಾಗ ದೀಪ ಹಚ್ಚಿದ್ದರು. ಹೋಳಿಗೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಅದನ್ನು ಹಿಡಿದುಕೊಂಡೇ ಒಳಗೆ ಹೋದಳು. ಹೊತ್ತು ಮುಳುಗಿದ ಮೇಲೆ ಕಾಕಾನೂ ಉಣ್ಣುವವರಲ್ಲ. ಅವರಿಬ್ಬರೂ ಉಪವಾಸ ಮಲಗುವಾಗ ನನಗೊಬ್ಬನಿಗೆ ಹೋಳಿಗೆ ಕೇಳುವ ಧೈರ್ಯ ಬರಲಿಲ್ಲ. ರಾತ್ರಿ ಕಳೆದ ಹೋಳಿಗೆ ಆ ಮನೆಯಲ್ಲಿ ನಡೆಯುವುದಿಲ್ಲವಾದ್ದರಿಂದ ಬೆಳಗ್ಗೆ ಎಮ್ಮೆ ತಿಂದಿತು. ಕಾಕು ಕಿಟಕಿಯಿಂದ ಅದನ್ನು ನೋಡುತ್ತ, "ನಿನ್ನಿ ನಮ್ಮೊಳಗ ಹೊಟ್ಟಿತುಂಬ ಸೋಸಿದ ನೀರು ಕುಡದದ್ದು ಆ ಜೀಪೊಂದ," ಎಂದಳು. ಕಾಕಾ ನಕ್ಕರು. ಆಮೇಲೆ ಕಾಕುವೂ.

ಎಷ್ಟೋ ವರ್ಷಗಳಿಂದ ಮದುವೆ ಮುಂಜಿಗಳಲ್ಲಿ ನಾನು ಈ ಕಥೆಯನ್ನು ಕಾಕಾನ ದನಿಯನ್ನು ಅಣಕಿಸಿಯೇ ಹೇಳಿ ನಗಿಸಿದ್ದೇನೆ. ಅವರಿಬ್ಬರೂ ಈಗಿಲ್ಲ. ನಾನೋ, ರಾತ್ರಿ ಟಿ.ವಿ. ಮುಂದೆ ಉಣ್ಣುವ ಜಾತಿಗೆ ಸೇರಿ ಬಹಳ ದಿನಗಳಾದವು.

"ಒಗೀಬ್ಯಾಡಪಾ," ಎಂದೆ ಮಿಸ್ತ್ರಿಗೆ. "ಹೊಸಾದ ಹಾಕು. ಪ್ಯಾಕಿಂಗೂ ಹೊಸಾದಿರ್ಲಿ."

ಅವನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಹಾಕಿದ. ಕೂಲಂಟಿಗೆ ಬೆರೆಸಲು ಮೂಲೆಯ ಡ್ರಮ್ಮಿನಿಂದ ಒಂದು ಜಗ್ಗು ನೀರು ತಂದ. ಅದರಲ್ಲಿ ಏನೋ ಸಣ್ಣದು ಕುಣಿಯುತ್ತಿತ್ತು. ನನ್ನ ಕೈ ಜೇಬಿಗೆ ಹೋಯಿತು. ಕರವಸ್ತ್ರ ಎರಡು ಮಡಿಕೆಯಾಗಿ ಆಲಿಕೆಯ ಮೇಲೆ ಕೂತಿತು.

"ಎಂಜಿನ್ನಿಗೇನು ಜ್ವರಾ ಬರ್ತಾವೇನ್ರಿ ಸರ್?" ಎಂದು ಅವನು ನಕ್ಕ. ನಾನು ಒದ್ದೆ ಕರವಸ್ತ್ರ ಹಿಡಿದು ಡ್ರಮ್ಮಿನ ಕಡೆ ಹೊರಟಾಗ ನಗು ನಿಲ್ಲಿಸಿದ. "ಅಲ್ಲೆಲ್ಲಿ ಹೊಂಟ್ರಿ? ಇಲ್ಲೇ ಝಾಡಿಸ್ರಿ."

"ಅವುಗಳ ಊರು ಅಲ್ಲೈತಿ," ಎಂದೆ. ಈ ಸಲ ಯಾರನ್ನೂ ಅಣಕಿಸುತ್ತಿರಲಿಲ್ಲ.