ಲೋಟದಡಿಯ ದೀಪ

ಗೆಳೆಯರೇ, ಇವತ್ತು ಕಕ್ಕೇರಾದ ನಮ್ಮ ಶಾಲೆಯಲ್ಲಿ ನೀರು ಹಾಕಿದ ತಟ್ಟೆಯ ನಡುವೆ ಉರಿಯುವ ಹಣತೆ ಇಟ್ಟು, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ದೀಪ ಆರಿತು, ನೀರು ಲೋಟದೊಳಗೆ ಏರಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಹಣತೆ ಹಚ್ಚಿದ್ದ ಭಾಗ್ಯ ಮಾತ್ರ ಅಳತೊಡಗಿದಳು.

“ಟೀಚರ್, ನಮ್ಮವ್ವ ಹೆರಿಗಿಗೆ ದವಾಖಾನಿಗೆ ಹೋಗ್ಯಾಳ್ರಿ. ಆಕಿ ಹೆಸರಿಲೇ ದೀಪ ಹಚ್ಚಿದ್ದೆ. ಆರಿಸಿಬಿಟ್ರಲ್ರಿ!”

“ಉರಿಯಾಕ ಗಾಳಿ ಸಾಕಾಗಲಿಲ್ಲವ್ವ, ಅದಕ್ಕ ಆರ್ತು. ಅವ್ವಗ ಏನೂ ಆಗಂಗಿಲ್ಲ.”

“ಹಂಗಾದ್ರ ಮತ್ತ ಹಚ್ರಿ. ಫೋನ್ ಬರೋತನ ಆರಬಾರದ್ರಿ.”

ಹಚ್ಚಿದೆ. ಶಾಲೆ ಬಿಟ್ಟು ಗಂಟೆಯಾಯಿತು, ಆಸ್ಪತ್ರೆಯಿಂದ ಫೋನ್ ಬಂದಿಲ್ಲ, ಭಾಗ್ಯ ಬೆಂಚು ಬಿಟ್ಟು ಏಳುತ್ತಿಲ್ಲ. ಉರಿಯಲು ಗಾಳಿ ಬೇಕು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ ನಾನು, ದೀಪಕ್ಕೆ ಗಾಳಿ ತಾಗದಂತೆ ಸೆರಗು ಅಡ್ಡ ಹಿಡಿದು ಕೂತಿದ್ದೇನೆ.